ಯಾವ ಸಮುದಾಯ ಮಾರಾಯ್ರೆ?

2020ರ ಲಾಕ್‌ಡೌನ್ ದಿನಗಳಲ್ಲಿ ನಾನು ಕಳಿಸುತ್ತಿದ್ದ ಸುದ್ದಿಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ ಇರುತ್ತಿದ್ದವು. ಇಷ್ಟು ಮಂದಿಗೆ ಪರೀಕ್ಷೆ, ಇಷ್ಟು ಮಂದಿ ಕ್ವಾರಂಟೈನ್, ಕೊನೆಗೆ ಅಧಿಕಾರಿಗಳು ಹೇಳಿದ ಒಂದು ಸಾಲು: ಸೋಂಕು ಇನ್ನೂ ಸಮುದಾಯಕ್ಕೆ ಹರಡಿಲ್ಲ. ಒಂದು ಬೆಳಿಗ್ಗೆ ಹಾಲು ತರಲು ಹೋದಾಗ ಅಂಗಡಿಯವರು ಪೇಪರ್ ಮಡಚಿಟ್ಟು ಕೇಳಿದರು: 'ಯಾವ ಸಮುದಾಯಕ್ಕೆ ಹರಡಿಲ್ಲ ಮಾರಾಯ್ರೆ? ಹೆಸರು ಹಾಕೋಕೆ ಏನು ಹೆದರಿಕೆ ನಿಮಗೆ?'

ಅವರು ತಮಾಷೆ ಮಾಡುತ್ತಿರಲಿಲ್ಲ. ಆ ತಿಂಗಳು ಟೀವಿ ನೋಡಿದ ಯಾರಿಗಾದರೂ ಆ ಪ್ರಶ್ನೆ ಬರುತ್ತಿತ್ತು. ಒಂದು ಧರ್ಮದವರ ಮೇಲೆ ಬೆರಳು ತೋರಿಸುವ ಮಾತು ಹಗಲೂ ರಾತ್ರಿ ನಡೆಯುತ್ತಿತ್ತು. 'ಸಮುದಾಯ ಅಂದ್ರೆ ಎಲ್ಲರೂ ಅಣ್ಣಾ, ಯಾರಿಂದ ಯಾರಿಗೆ ಬಂತು ಅಂತ ಗೊತ್ತಾಗದ ಹಾಗೆ ಹರಡೋದು' ಎಂದು ನಾನು ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, 'ಹಂಗಾದ್ರೆ ಊರಿಗೆ ಹರಡಿಲ್ಲ ಅಂತ ಬರೀರಿ' ಎಂದರು.

ನನಗೆ ಅದು ಸರಿ ಅನಿಸಿತು. ಮರುದಿನ ಬರೆಯಲು ಕೂತಾಗ ಮಾತ್ರ ಕೈ ತಡೆಯಿತು. ಊರು ಎಂದರೆ ಅದರಲ್ಲಿ ಎಸ್ಟೇಟಿನ ಲೈನುಗಳು ಸೇರುತ್ತವೆಯೇ? ಕಾಲೊನಿ ಸೇರುತ್ತದೆಯೇ? 'ಊರಲ್ಲಿ ಏನಿಲ್ಲ, ಲೈನಲ್ಲಿ ಒಂದು ಕೇಸಂತೆ' ಎಂದು ಜನ ಮಾತಾಡುವುದನ್ನು ನಾನೇ ಕೇಳಿದ್ದೆ. ಅಂದಿನಿಂದ ಈ ಪದಗಳ ಬೆನ್ನು ಹತ್ತಿದ್ದೇನೆ. ಸಮುದಾಯ, ಊರು, ಒಕ್ಕಲು, ಕೋಮು, ಜನಾಂಗ, ಸಮಾಜ, ಸಂಘ. ಎಲ್ಲವೂ ಒಟ್ಟಾಗಿರುವ ಜನರಿಗೆ ನಾವು ಇಟ್ಟುಕೊಂಡ ಹೆಸರುಗಳೇ. ಆದರೆ ಒಂದೊಂದೂ ಒಬ್ಬೊಬ್ಬರನ್ನು ಹೊರಗೆ ನಿಲ್ಲಿಸುತ್ತದೆ.

ಸಮುದಾಯ ಸಂಸ್ಕೃತದ ಪದ. ಮೂಲದಲ್ಲಿ ಅದಕ್ಕೂ ಜಾತಿಗೂ ಸಂಬಂಧವಿಲ್ಲ, ಮನುಷ್ಯರಿಗೂ ವಿಶೇಷ ಸಂಬಂಧವಿಲ್ಲ. ಒಟ್ಟುಗೂಡಿದ್ದು, ರಾಶಿ, ಮೊತ್ತ ಎಂದಷ್ಟೇ ಅರ್ಥ. ಕಣದಲ್ಲಿ ಒಣಗಿಸಿ ಸಂಜೆ ಗುಡ್ಡೆ ಹಾಕುವ ಕಾಫಿಯೂ ಆ ಅರ್ಥದಲ್ಲಿ ಸಮುದಾಯವೇ.

ಹಾಗೆ ನೋಡಿದರೆ ಈ ಗುಡ್ಡಗಳಲ್ಲಿ ಹಳೆಯ ಅರ್ಥದ ಸಮುದಾಯವೊಂದು ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದಿತ್ತು. ನಮ್ಮ ಅಜ್ಜಂದಿರು ಅದನ್ನು 'ಪೂಲು' ಎನ್ನುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳುವವರಿಲ್ಲದಾಗ 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಕಾಯ್ದೆಯೇ ಆಯಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಹಾಕಬೇಕು, ಮಂಡಳಿ ಒಟ್ಟಿಗೆ ಮಾರಿ ದುಡ್ಡನ್ನು ಕಂತು ಕಂತಾಗಿ ಕೊಡುತ್ತದೆ. ಸಾವಿರ ಎಕರೆಯವರ ಬೀಜ, ಎರಡು ಎಕರೆಯವರ ಬೀಜ, ಗೌಡರದ್ದು, ಬ್ಯಾರಿಗಳದ್ದು, ಕ್ರಿಶ್ಚಿಯನ್ನರದ್ದು, ಎಲ್ಲ ಒಂದೇ ರಾಶಿಗೆ. ಕಂತು ತಡವಾಗುತ್ತದೆ, ಒಳ್ಳೆಯ ಕಾಫಿಗೂ ಬೆಲೆ ಸಿಗುವುದಿಲ್ಲ ಎಂದು ಬೈದುಕೊಂಡೇ ಹಾಕುತ್ತಿದ್ದರು. 1990ರ ದಶಕದಲ್ಲಿ ಹಂತ ಹಂತವಾಗಿ ಬಿಗಿ ಸಡಿಲವಾಗಿ 1996ಕ್ಕೆ ಪೂಲು ಮುಗಿಯಿತು. ಈಗ ಬೆಲೆ ಬಿದ್ದ ವರ್ಷ ಅದನ್ನು ನೆನೆಯುವ ಹಿರಿಯರಿದ್ದಾರೆ, ಬೆಲೆ ಏರಿದ ವರ್ಷ ಯಾರೂ ನೆನೆಯುವುದಿಲ್ಲ. ಒಂದು ಮಾತು ಮಾತ್ರ ಗಮನಿಸಿ: ಆ ರಾಶಿಯಲ್ಲಿ ಬೆಳೆದವರ ಪಾಲಿತ್ತು, ಕೊಯ್ದವರದ್ದು ಇರಲಿಲ್ಲ.

ಇನ್ನು ಊರು. ಬಯಲುಸೀಮೆಯ ಕಡೂರು, ತರೀಕೆರೆ ಕಡೆ ಊರು ಕಣ್ಣಿಗೆ ಕಾಣುತ್ತದೆ. ಒತ್ತೊತ್ತಾಗಿ ಕಟ್ಟಿದ ಮನೆಗಳು, ನಡುವೆ ಬೀದಿ, ಅರಳಿಕಟ್ಟೆ, ಆಚೆಗೆ ಹೊಲ. ಮೂಡಿಗೆರೆ, ಕಳಸದ ಕಡೆ ಊರು ಕಾಣುವುದಿಲ್ಲ. ಒಂದು ಮನೆ ಈ ಓರೆಯಲ್ಲಿದ್ದರೆ ಇನ್ನೊಂದು ಹಳ್ಳದ ಆಚೆ, ಮೂರನೆಯದು ತೋಟದ ತಲೆಯಲ್ಲಿ. ಹೊರಗಿನಿಂದ ಬಂದ ಸರ್ವೆಯವರು 'ಊರು ಎಲ್ಲಿಂದ ಶುರು?' ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಇರುವುದಿಲ್ಲ. ಅದಕ್ಕೇ ಇಲ್ಲಿ ಊರನ್ನು ನೋಡುವುದಿಲ್ಲ, ಎಣಿಸುತ್ತಾರೆ. ಎಷ್ಟು ಒಕ್ಕಲು ಎಂದು.

ಒಕ್ಕಲು ಹಳೆಯ ಕನ್ನಡ ಪದ. ಒಂದು ಮನೆತನ, ಒಂದು ಸಂಸಾರ, ಬೇಸಾಯ ಮಾಡಿಕೊಂಡು ನೆಲೆ ನಿಂತವರು. ಒಡೆಯನ ಜಮೀನಿನಲ್ಲಿ ಗೇಯುವ ಗೇಣಿದಾರನೂ ಒಕ್ಕಲೇ. ಗೃಹಪ್ರವೇಶಕ್ಕೆ ಈಗಲೂ ಮನೆ ಒಕ್ಕಲು ಎನ್ನುತ್ತೇವೆ, ಯಾರನ್ನಾದರೂ ಜಾಗ ಬಿಡಿಸಿದರೆ ಒಕ್ಕಲೆಬ್ಬಿಸಿದರು ಎನ್ನುತ್ತೇವೆ. ಅಂದರೆ ನೆಲದ ಮೇಲೆ ಕಾಲೂರಿದವನಿಗೆ ಇಟ್ಟ ಹೆಸರು ಅದು. ಒಕ್ಕಲುತನ ಮಾಡುವವನು ಒಕ್ಕಲಿಗನಾದ, ಕೆಲಸದ ಹೆಸರು ಜಾತಿಯ ಹೆಸರಾಯಿತು, 1906ರಲ್ಲಿ ಆ ಹೆಸರಿನಲ್ಲೇ ಒಕ್ಕಲಿಗರ ಸಂಘ ಹುಟ್ಟಿತು. ಒಂದು ಪದ ಮನೆಯಿಂದ ಹೊರಟು ಬೆಂಗಳೂರಿನ ಸಂಘದ ಕಚೇರಿ ಮುಟ್ಟಿದ ಕತೆ ಇದು.

ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಆಗ ಜಿಲ್ಲೆಗೆ ಕಡೂರು ಜಿಲ್ಲೆ ಎಂದು ಹೆಸರು. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಜನರ ಕೂಟಕ್ಕೆ ಎಷ್ಟೋ ಹೆಸರುಗಳಿವೆ. ಅಗ್ರಹಾರದ ಬ್ರಾಹ್ಮಣರ ಸಭೆ ಮಹಾಜನ. ವ್ಯಾಪಾರಿಗಳ ಕೂಟ ನಖರ. ಊರ ಮುಖ್ಯಸ್ಥ ಗಾವುಂಡ. ಉಳಿದವರು ಪ್ರಜೆ. ದಾನ ಕೊಟ್ಟರೆ ಇವರ ಮುಂದೆ ಕೊಡಬೇಕು, ಗಡಿ ಹಾಕಿದರೆ ಇವರು ಒಪ್ಪಬೇಕು. ನಾಲ್ಕು ಜನ ಕೂಡಿ ಒಪ್ಪಿದ್ದನ್ನು ಕಲ್ಲಿನಲ್ಲಿ ಕೆತ್ತುತ್ತಿದ್ದರು, ಆ ನಾಲ್ಕು ಜನರಲ್ಲಿ ಯಾರಿದ್ದರು ಎಂಬುದೂ ಕಲ್ಲಿನಿಂದಲೇ ಗೊತ್ತಾಗುತ್ತದೆ.

ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ ಹೊಯ್ಸಳರ ಮೂಲಸ್ಥಾನ, ಹಳೆಯ ಸೊಸೆವೂರು. ಇಲ್ಲಿಂದ ಹೊರಟು ಬೇಲೂರು, ಹಳೇಬೀಡಿಗೆ ಇಳಿದ ಆ ಅರಸರು ಇಟ್ಟುಕೊಂಡ ಬಿರುದು ಮಲೆಪರೊಳ್ಗಂಡ. ಮಲೆಪರು ಎಂದರೆ ಮಲೆಯ ಜನ, ಬೆಟ್ಟದ ನಾಯಕರು. ಅವರೊಳಗೆ ಗಂಡು ತಾನು ಎಂದು ಬಿರುದು. ಈ ಗುಡ್ಡದ ಜನರಿಗೆಲ್ಲ ಸೇರಿಸಿ ಒಂದೇ ಹೆಸರು ಸಿಕ್ಕಿದ್ದು ಹೀಗೆ, ಅವರನ್ನು ಗೆದ್ದವನ ಬಾಯಲ್ಲಿ.

ಊರು ಎಂಬುದು ಕಣ್ಣಿಗೆ ಕಾಣುವ ದಿನ ವರ್ಷಕ್ಕೆ ಒಂದು ಬರುತ್ತದೆ, ಸುಗ್ಗಿ ಹಬ್ಬದಲ್ಲಿ. ಮೂಡಿಗೆರೆ, ಸಕಲೇಶಪುರ ಕಡೆಯವರಿಗೆ ಹೇಳಬೇಕಾಗಿಲ್ಲ. ಸಾರು ಹಾಕಿದ ಮೇಲೆ ಊರಿನ ಮೇಲೆ ಕಟ್ಟಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಬರಲೇಬೇಕು, ಮದುವೆಯಾಗಿ ಹೋದ ಮಗಳು ಬರುತ್ತಾಳೆ. ಊರೊಟ್ಟಿನ ಖರ್ಚಿಗೆ ಒಕ್ಕಲಿಗೆ ಇಷ್ಟು ಎಂದು ಹಣ ಎತ್ತುತ್ತಾರೆ. ಆ ಹಣದ ಪಟ್ಟಿ ನೋಡಿದರೆ ಸಾಕು, ಊರಿನವರು ಯಾರು ಎಂದು ಗೊತ್ತಾಗುತ್ತದೆ. ಡೋಲು ಬಡಿಯುವವರು ಊರಿಗೆ ಬೇಕು, ಅವರಿಲ್ಲದೆ ಸುಗ್ಗಿ ಇಲ್ಲ. ಆದರೆ ಅವರು ನಿಲ್ಲುವ ಜಾಗ ಬೇರೆ. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ಕವಿ ಸಿದ್ಧಲಿಂಗಯ್ಯ ತಮ್ಮ ಆತ್ಮಕತೆಗೆ 'ಊರುಕೇರಿ' ಎಂದು ಹೆಸರಿಟ್ಟರು. ಎರಡು ಪದಗಳನ್ನು ಅಂಟಿಸಿದ ಆ ಒಂದು ಪದದಲ್ಲೇ ನಡುವಿನ ಗೆರೆ ಕಾಣುತ್ತದೆ. ಆಮೇಲೆ ಸರ್ಕಾರ ಕೇರಿಯವರಿಗೆ ಮನೆ ಕಟ್ಟಿಸಿ ಕಾಲೊನಿ ಎಂದಿತು. ಪೇಟೆಯಲ್ಲಿ ಕಾಲೊನಿ ಎಂದರೆ ಬ್ಯಾಂಕಿನವರು, ಮೇಷ್ಟ್ರುಗಳು ಇರುವ ಬಡಾವಣೆ. ಹಳ್ಳಿಯಲ್ಲಿ 'ಅವರು ಕಾಲೊನಿಯವರು' ಎಂದರೆ ಬೇರೆಯೇ ಅರ್ಥ. ಜಾತಿಯ ಹೆಸರು ಹೇಳದೆ ಜಾತಿ ಹೇಳುವ ವಿದ್ಯೆ ನಮಗೆ ಚೆನ್ನಾಗಿ ಬರುತ್ತದೆ.

ಒಕ್ಕಲಿನ ಲೆಕ್ಕಕ್ಕೂ, ಕೇರಿಯ ಲೆಕ್ಕಕ್ಕೂ ಸಿಗದ ಜನ ಬಂದದ್ದು ಕಾಫಿಯ ಜೊತೆ. ಬಾಬಾ ಬುಡನ್ ಏಳು ಬೀಜ ತಂದ ಕತೆ ಎಲ್ಲರಿಗೂ ಗೊತ್ತು. ಹಿತ್ತಲಿನ ಗಿಡ ಎಸ್ಟೇಟಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1830ರ ಸುಮಾರಿಗೆ ಕ್ಯಾನನ್ ಎಂಬ ದೊರೆ ಚಿಕ್ಕಮಗಳೂರಿನ ಹತ್ತಿರ ತೋಟ ಮಾಡಿದ, ಅವನ ಹಿಂದೆ ಬೇರೆಯವರು ಬಂದರು. ಕಾಡು ಕಡಿಯಲು, ಗುಂಡಿ ತೆಗೆಯಲು, ಕೊಯ್ಯಲು ಇಲ್ಲಿನ ಆಳು ಸಾಲಲಿಲ್ಲ. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ, ಮಲಬಾರಿನಿಂದ ಜನ ಕರೆತಂದರು. ಬಂದವರನ್ನು ಉದ್ದ ಸಾಲಿನ ಮನೆಗಳಲ್ಲಿ ಇಟ್ಟರು. ಸಿಪಾಯಿಗಳ ಬಿಡಾರಕ್ಕೆ ಇಂಗ್ಲಿಷರು ಬಳಸುತ್ತಿದ್ದ ಹೆಸರನ್ನೇ ಇದಕ್ಕೂ ಇಟ್ಟರು: ಲೈನು.

ಲೈನಿನ ಜನರಿಗೆ ನಾವು ಒಂದು ಹೆಸರನ್ನೂ ಕೊಡಲಿಲ್ಲ ಎನ್ನುವಂತಿಲ್ಲ. ಬೇಕಾದಷ್ಟು ಕೊಟ್ಟೆವು. ದಕ್ಷಿಣ ಕನ್ನಡದಿಂದ ಬಂದವರು 'ಕನ್ನಡ ಜಿಲ್ಲೆಯವರು'. ಅವರ ಮನೆಮಾತು ತುಳುವೋ ಬ್ಯಾರಿಯೋ ಆಗಿರಬಹುದು, ನಮಗೆ ಜಿಲ್ಲೆಯ ಹೆಸರು ಸಾಕು. ತಮಿಳುನಾಡಿನ ಯಾವ ಮೂಲೆಯವರಾದರೂ 'ತಮಿಳರು'. ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬರುವವರೆಲ್ಲ ಒಟ್ಟಿಗೆ 'ಹಿಂದಿಯವರು' ಅಥವಾ 'ಅಸ್ಸಾಂನವರು'. ಅವರೊಳಗೆ ಹತ್ತು ಭಾಷೆ, ಹತ್ತು ಜಾತಿ, ಎರಡು ಮೂರು ಧರ್ಮ ಇರುತ್ತದೆ. ನಮ್ಮ ಜಾತಿಯ ಒಳಪಂಗಡಗಳನ್ನು ನಾವು ಮಗ್ಗಿಯ ಹಾಗೆ ಒಪ್ಪಿಸುತ್ತೇವೆ. ಪಕ್ಕದ ಲೈನಿನವರಿಗೆ ಒಂದು ರಾಜ್ಯದ ಹೆಸರು ಸಾಕೆನಿಸುತ್ತದೆ.

1951ರ ತೋಟ ಕಾರ್ಮಿಕರ ಕಾಯ್ದೆ ಕೆಲಸಗಾರರಿಗೆ, ಅವರ ಸಂಸಾರಕ್ಕೆ ಮಾಲೀಕರೇ ಮನೆ ಕೊಡಬೇಕು, ಕುಡಿಯುವ ನೀರು, ಆಸ್ಪತ್ರೆ ಸೌಲಭ್ಯ ಕೊಡಬೇಕು ಎಂದಿತು. ದೊಡ್ಡ ಹೆಜ್ಜೆಯೇ. ಆದರೆ ಮನೆ ಕೆಲಸಕ್ಕೆ ಕಟ್ಟಿದ್ದು. ಕೆಲಸ ಮುಗಿದರೆ ಮನೆಯೂ ಮುಗಿಯಿತು. ಅಜ್ಜ ಗುಂಡಿ ತೆಗೆದ ತೋಟದಲ್ಲಿ ಮೊಮ್ಮಗ ಕೊಯ್ಯುತ್ತಿರುತ್ತಾನೆ, ಅಂಗೈಯಗಲ ಜಾಗ ಹೆಸರಿನಲ್ಲಿರುವುದಿಲ್ಲ. ಲೈನಿನಲ್ಲಿ ಹುಟ್ಟಿ ಅಲ್ಲೇ ಮುದುಕರಾದ ಒಬ್ಬರನ್ನು ಒಮ್ಮೆ 'ನಿಮ್ಮ ಊರು ಯಾವುದು?' ಎಂದು ಕೇಳಿದೆ. ಮೊದಲು ಎಸ್ಟೇಟಿನ ಹೆಸರು ಹೇಳಿದರು. ಆಮೇಲೆ ಅದು ತಪ್ಪು ಉತ್ತರ ಅನಿಸಿತೋ ಏನೋ, ತಾವು ಒಮ್ಮೆಯೂ ನೋಡಿರದ, ಅಪ್ಪ ಹೇಳುತ್ತಿದ್ದ ಸೇಲಂ ಕಡೆಯ ಊರಿನ ಹೆಸರು ಹೇಳಿದರು.

ಈಗ ಕೋಮು. ಅರಬ್ಬಿಯ ಕೌಮ್, ಅಂದರೆ ಜನ, ಕುಲ. ಜಿಲ್ಲೆ, ತಾಲ್ಲೂಕು, ಜಮೀನು, ತಹಶೀಲ್ದಾರ್ ಎಂಬ ಪದಗಳ ಹಾಗೆ ಆಡಳಿತದ ದಾರಿಯಲ್ಲಿ ಕನ್ನಡಕ್ಕೆ ಬಂತು. (ಪಹಣಿಯಲ್ಲಿ ಹೆಂಗಸರ ಹೆಸರಿನ ಮುಂದೆ ಬರುವ 'ಕೋಂ' ಬೇರೆ. ಅದಕ್ಕೆ ಇಂಥವರ ಹೆಂಡತಿ ಎಂದು ಅರ್ಥ.) ಹಿಂದೆ ಕೋಮು ಎಂಬುದು ಬೈಗುಳವಲ್ಲ, ಕಾಗದದ ಮೇಲಿನ ಒಂದು ಕಾಲಂ ಅಷ್ಟೆ. ನಿಮ್ಮ ಕೋಮು ಯಾವುದು ಎಂದರೆ ಜಾತಿ ಯಾವುದು ಎಂದು ಕೇಳಿದ ಹಾಗೆ.

ಆ ಕಾಲಂಗೆ ತೂಕ ಬಂದದ್ದು ಮೈಸೂರು ಸಂಸ್ಥಾನದಲ್ಲಿ. ಸರ್ಕಾರಿ ನೌಕರಿಗಳೆಲ್ಲ ಒಂದೇ ಕಡೆ ಸೇರುತ್ತಿವೆ, ಉಳಿದವರಿಗೂ ಪಾಲು ಬೇಕು ಎಂಬ ಒತ್ತಾಯ ಬೆಳೆದು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ನೌಕರಿಯಲ್ಲಿ ಬೇರೆ ಬೇರೆ ಕೋಮುಗಳಿಗೆ ತಕ್ಕ ಪ್ರಾತಿನಿಧ್ಯ ಕೊಡುವುದು ಹೇಗೆ ಎಂಬುದೇ ಸಮಿತಿಯ ಕೆಲಸ. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ, ಅವರು ಹುದ್ದೆ ಬಿಟ್ಟರು. ಬ್ರಾಹ್ಮಣರನ್ನು ಬಿಟ್ಟು ಉಳಿದ ಬಹುತೇಕ ಎಲ್ಲರೂ ಹಿಂದುಳಿದವರು ಎಂದು ಸಮಿತಿ ಹೇಳಿತು, 1921ರಲ್ಲಿ ಸರ್ಕಾರಿ ಆದೇಶವಾಯಿತು. ಅದೇ ವರ್ಷ ಮದ್ರಾಸ್ ಪ್ರಾಂತ್ಯದಲ್ಲಿ 'ಕಮ್ಯುನಲ್ ಜಿ.ಓ.' ಬಂತು, ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಆಗ ಅವರದ್ದು. ಕಮ್ಯುನಲ್ ಎಂಬ ಪದದಲ್ಲಿ ಆಗ ರಕ್ತದ ವಾಸನೆ ಇರಲಿಲ್ಲ. ಪಾಲು ಹಂಚುವ ಲೆಕ್ಕಾಚಾರಕ್ಕೆ ಆ ಹೆಸರು.

1951ರಲ್ಲಿ ಸುಪ್ರೀಂ ಕೋರ್ಟು ಮದ್ರಾಸಿನ ಆ ಆದೇಶವನ್ನು ಹೊಡೆದುಹಾಕಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4)ನೇ ಕಲಂ ಸೇರಿಸಿದರು. ಅಲ್ಲಿ ಕೋಮು ಎಂದೂ ಇಲ್ಲ, ಸಮುದಾಯ ಎಂದೂ ಇಲ್ಲ. 'ಹಿಂದುಳಿದ ವರ್ಗ' ಎಂದಿದೆ. ಪದ ಬದಲಾದರೆ ಕಾನೂನಿನ ಮುಂದೆ ನಿಲ್ಲುವ ಬಲವೂ ಬದಲಾಗುತ್ತದೆ ಎಂದು ಆಗ ದೇಶಕ್ಕೇ ಗೊತ್ತಾಯಿತು.

ಕೋಮಿನ ಮೇಲೆ ಕಪ್ಪು ಬಿದ್ದದ್ದು ಗಲಭೆ ಎಂಬ ಪದ ಅದರ ಜೊತೆ ಸೇರಿದ ಮೇಲೆ. ಕೋಮುಗಲಭೆ, ಕೋಮುವಾದ, ಅನ್ಯಕೋಮು. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಗಿರಿಯ ಮೇಲಿನ ಸ್ಥಳದ ಹೆಸರೇ ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ. ಎರಡು ಕಡೆಯವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವ ಹೆಸರು. ಆ ಹೆಸರಿನ ಯಾವ ತುಂಡನ್ನು ಯಾರು ಹೇಳುತ್ತಾರೆ ಎಂಬುದರ ಮೇಲೆ ಅವರು ಯಾವ ಕಡೆ ಎಂದು ಅಳೆಯುವ ಕಾಲ ಬಂತು. ಡಿಸೆಂಬರ್ ಬಂದರೆ ಪೊಲೀಸ್ ವ್ಯಾನುಗಳು ಬರುತ್ತವೆ. ಆ ಜಗಳದ ನಡುವೆ ಕೆಲವರು ಕೋಮು ಸೌಹಾರ್ದ ವೇದಿಕೆ ಎಂದು ಸಂಘಟನೆ ಕಟ್ಟಿದರು. ಕೆಟ್ಟುಹೋದ ಪದದ ಪಕ್ಕದಲ್ಲಿ ಒಳ್ಳೆಯ ಪದ ಇಟ್ಟು ಸರಿಮಾಡುವ ಪ್ರಯತ್ನ.

ಡಿಪ್ಲೊಮಾ ಓದುವಾಗ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು: ಗಲಭೆಯ ಸುದ್ದಿಯಲ್ಲಿ ಧರ್ಮದ ಹೆಸರು ಬರೆಯಬೇಡಿ, 'ಎರಡು ಸಮುದಾಯಗಳ ನಡುವೆ' ಎಂದು ಬರೆಯಿರಿ. ಪತ್ರಿಕಾ ಮಂಡಳಿಯ ಸಲಹೆಯೂ ಆ ದಿಕ್ಕಿನದೇ. ಉದ್ದೇಶ ಒಳ್ಳೆಯದು, ಬೆಂಕಿ ಹರಡಬಾರದು. ನನ್ನ ಅನುಭವ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತೋಟದಲ್ಲಿ ವಾರದ ಬಟವಾಡೆಯ ದಿ‌ನ ಹೊಡೆದಾಟವಾಯಿತು. ಕೊಯ್ಲಿನ ತೂಕದಲ್ಲಿ ಮೋಸ ಆಗಿದೆ ಎಂದು ಕೊಯ್ದವರು, ಇಲ್ಲ ಎಂದು ತೂಕ ಬರೆದವರು. ಕೆ.ಜಿ.ಗೆ ಎಷ್ಟು, ಎಷ್ಟು ಕೆ.ಜಿ. ಎಂಬ ಜಗಳ. ಕೊಯ್ದವರು ಒಂದು ಧರ್ಮದವರು, ಬರೆದವರು ಇನ್ನೊಂದು. ನಾನು ಕೂಲಿ ಜಗಳ ಎಂದು ಕಳಿಸಿದೆ. ಮಾರನೇ ದಿನ ಅಚ್ಚಾದದ್ದು 'ಎರಡು ಕೋಮುಗಳ ನಡುವೆ ಮಾರಾಮಾರಿ'. ಆ ಸಂಜೆ ಹತ್ತಿರದ ಪೇಟೆಯಲ್ಲಿ ಅಂಗಡಿಗಳು ಮುಚ್ಚಿದವು. ತೂಕದ ವಿಚಾರ ಆಮೇಲೆ ಯಾರೂ ಕೇಳಲಿಲ್ಲ, ನಾನೂ ಮತ್ತೆ ಆ ತೋಟಕ್ಕೆ ಹೋಗಿ ಕೇಳಲಿಲ್ಲ. ತಲೆಬರಹ ನನ್ನದಲ್ಲ ಎಂದು ಹೇಳಿಕೊಂಡು ಸುಮ್ಮನಾದೆ.

ಸಮುದಾಯ ಎಂಬ ಪದ ಹಳ್ಳಿಯ ಬಾಯಿಗೆ ಬಂದದ್ದು ಸ್ವಾತಂತ್ರ್ಯದ ನಂತರ. 1952ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ದೇಶದ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಆಮೇಲೆ ಅದು ಬ್ಲಾಕುಗಳಾಗಿ ಎಲ್ಲ ಕಡೆ ಹರಡಿತು. ಬಿ.ಡಿ.ಒ., ಗ್ರಾಮಸೇವಕ, ಬೀಜ, ಗೊಬ್ಬರ, ಬಾವಿ, ರಸ್ತೆ, ಶ್ರಮದಾನ. ಇಲ್ಲಿ ಸಮುದಾಯ ಎಂದರೆ ಇಡೀ ಹಳ್ಳಿ. ಒಂದು ಹಳ್ಳಿ ಎಂದರೆ ಒಂದು ಮನಸ್ಸು, ದಾರಿ ತೋರಿಸಿದರೆ ಎಲ್ಲರೂ ಕೂಡಿ ದುಡಿಯುತ್ತಾರೆ ಎಂಬುದು ದೆಹಲಿಯ ನಂಬಿಕೆ. ಬಂದ ಗೊಬ್ಬರ, ಸಾಲ ಜಮೀನಿದ್ದವರ ಮನೆಯ ಬಾಗಿಲಲ್ಲೇ ನಿಂತಿತು. ಐದೇ ವರ್ಷದಲ್ಲಿ, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿ ಜನರೇ ಇದರಲ್ಲಿ ಸೇರಿಲ್ಲ, ಪಂಚಾಯಿತಿಗಳಿಗೆ ಅಧಿಕಾರ ಕೊಡಿ ಎಂದಿತು. ನಮ್ಮ ಹಿರಿಯರ ನೆನಪಿನಲ್ಲಿ ಉಳಿದದ್ದು 'ಬ್ಲಾಕ್ ಆಫೀಸು' ಎಂಬ ಮಾತು ಮಾತ್ರ.

ಅದೇ ಪದ ಜಾತಿಯ ಕಡೆ ವಾಲಿದ್ದು 1970ರ ದಶಕದಲ್ಲಿ. ದೇವರಾಜ ಅರಸು ಸರ್ಕಾರ 1972ರಲ್ಲಿ ಎಲ್.ಜಿ. ಹಾವನೂರು ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ಮಾಡಿತು, 1975ರಲ್ಲಿ ವರದಿ ಬಂತು. ಹಾವನೂರು ಹಿಂದುಳಿದವರನ್ನು ಮೂರು ಪಟ್ಟಿ ಮಾಡಿದರು: ಹಿಂದುಳಿದ ಸಮುದಾಯಗಳು, ಹಿಂದುಳಿದ ಜಾತಿಗಳು, ಹಿಂದುಳಿದ ಬುಡಕಟ್ಟುಗಳು. ಮೂರನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಪಟ್ಟಿಯಲ್ಲಿ ಮಾತ್ರ ಸಮುದಾಯ ಮೇಲಿನ ಮೆಟ್ಟಿಲು, ಬುಡಕಟ್ಟು ಕೆಳಗಿನದು. ನೀವು ಯಾವ ಪದದ ಕೆಳಗೆ ಬಂದಿರಿ ಎಂಬುದರ ಮೇಲೆ ಮಗನ ಸೀಟು, ಮಗಳ ನೌಕರಿ. ಅದೇ 1975ರಲ್ಲಿ ಬೆಂಗಳೂರಿನಲ್ಲಿ 'ಸಮುದಾಯ' ಎಂಬ ರಂಗತಂಡ ಹುಟ್ಟಿ ಆಮೇಲೆ ಊರೂರಿಗೆ ಬೀದಿ ನಾಟಕ ಒಯ್ಯಿತು. ಅವರ ಸಮುದಾಯದಲ್ಲಿ ದುಡಿಯುವವರೆಲ್ಲ ಇದ್ದರು, ಜಾತಿ ಇರಲಿಲ್ಲ. ಒಂದೇ ವರ್ಷ, ಒಂದೇ ಪದ. ಯಾವುದು ಗೆದ್ದಿತು ಎಂದು ನಿಮ್ಮ ಊರಿನ ಫ್ಲೆಕ್ಸ್ ನೋಡಿದರೆ ಗೊತ್ತಾಗುತ್ತದೆ.

ಜಾತಿ ಎನ್ನಲು ನಾಚಿಕೆಯಾದಾಗ ನಾವು ಸಮುದಾಯ ಎನ್ನತೊಡಗಿದೆವು. 'ನಮ್ಮ ಜಾತಿಯವರಿಗೆ ಟಿಕೆಟ್ ಕೊಡಿ' ಎಂದರೆ ಒರಟು, 'ನಮ್ಮ ಸಮುದಾಯವನ್ನು ಕಡೆಗಣಿಸಲಾಗಿದೆ' ಎಂದರೆ ಹೇಳಿಕೆ. ಇದಕ್ಕೆ ಸಮಾಜವೂ ಜೊತೆಯಾಯಿತು. 'ಸಮಾಜ ಬಾಂಧವರಲ್ಲಿ ವಿನಂತಿ' ಎಂದು ಕಾರ್ಡಿನಲ್ಲಿದ್ದರೆ ಅದು ನಮಗಲ್ಲ ಎಂದು ನಮಗೇ ಗೊತ್ತಾಗುತ್ತದೆ. (ಇಂಗ್ಲಿಷಿನ ಸೊಸೈಟಿ ಮಾತ್ರ ನಮ್ಮಲ್ಲಿ ಪಾರಾಯಿತು. ಸೊಸೈಟಿಗೆ ಹೋಗಿ ಬರ್ತೀನಿ ಎಂದರೆ ಸಾಲಕ್ಕೋ, ಅಕ್ಕಿಗೋ. ದೇಶದ ಮೊದಲ ಸಹಕಾರ ಸಂಘ 1905ರಲ್ಲಿ ನಮ್ಮದೇ ರಾಜ್ಯದ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಹುಟ್ಟಿತು.) ಜನಾಂಗಕ್ಕೂ ಎರಡು ಮುಖ. ಯುವಜನಾಂಗ ಎಂದರೆ ಹುಡುಗರು, ಇಂಥ ಜನಾಂಗ ಎಂದರೆ ಜಾತಿ. 2015ರಲ್ಲಿ ಸರ್ಕಾರ ಮನೆಮನೆಗೆ ಬಂದು ಮಾಡಿದ್ದಕ್ಕೆ ಕಾಗದದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಎಂದು ಹೆಸರು. ನಾವೆಲ್ಲ ಅದನ್ನು ಕರೆದದ್ದು ಜಾತಿ ಗಣತಿ ಎಂದೇ. ಈ ಒಂದು ಸಲ ಜನ ಬಳಸಿದ ಪದ ಹೆಚ್ಚು ಪ್ರಾಮಾಣಿಕವಾಗಿತ್ತು.

ನಮ್ಮ ತಾಲ್ಲೂಕಿನಲ್ಲಿ ಎರಡು ಬಗೆಯ ಬೋರ್ಡುಗಳಿವೆ. ಒಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡಿನಲ್ಲಿ 80 ಸಾವಿರ ಜನರಿಗೆ ಒಂದು ಇರಬೇಕು ಎಂಬುದು ಸರ್ಕಾರದ ಲೆಕ್ಕ. ಅಲ್ಲಿ ಸಮುದಾಯ ಎಂದರೆ ಹಾವು ಕಚ್ಚಿದ ಯಾರು ಬೇಕಾದರೂ. ಇನ್ನೊಂದು ಸಮುದಾಯ ಭವನ. ಅದರ ಹಿಂದೆ ಒಂದು ಜಾತಿಯ ಹೆಸರೋ, ಆ ಜಾತಿಯವರು ತಮ್ಮವರೆಂದು ಆರಿಸಿಕೊಂಡ ಮಹಾಪುರುಷರ ಹೆಸರೋ ಇರುತ್ತದೆ. ಶಾಸಕರ ಅನುದಾನ ಇಬ್ಬರಿಗೂ ಒಂದೇ ಖಜಾನೆಯಿಂದ. ಭವನ ಕಟ್ಟಿಕೊಂಡವರನ್ನು ನಾನು ಹಳಿಯುವುದಿಲ್ಲ. ಊರ ದೇವಸ್ಥಾನದ ಅಂಗಳದಲ್ಲಿ ಮದುವೆ ಮಾಡಲು ಬಿಡದಿದ್ದವರು ತಮ್ಮದೇ ಸೂರು ಬೇಕೆಂದು ಕೇಳಿದರೆ ಅದರಲ್ಲಿ ತಪ್ಪೇನಿದೆ? ಲೈನಿನವರಿಗೆ ಭವನ ಇಲ್ಲ, ಅಷ್ಟೆ. ಅವರ ಹೆಸರಿನಲ್ಲಿ ಅರ್ಜಿ ಹಾಕಬೇಕಾದರೆ ಮೊದಲು ಅವರಿಗೊಂದು ಹೆಸರು ಬೇಕು.

ಹೆಸರಿಗೆ ಎಷ್ಟು ಬೆಲೆ ಎಂದು ಕುದುರೆಮುಖದ ಸುತ್ತಿನ ಕಾಡಿನಲ್ಲಿರುವವರನ್ನು ಕೇಳಬೇಕು. ನಾವು ಮಲೆಕುಡಿಯರು ಎನ್ನುತ್ತೇವೆ, ಅವರೂ ಹಾಗೇ ಹೇಳಿಕೊಳ್ಳುತ್ತಾರೆ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿರುವುದು 'ಮಲೈಕುಡಿ'. ಹಸಲರು, ಗೌಡಲು ಕೂಡ ಆ ಪಟ್ಟಿಯಲ್ಲಿದ್ದಾರೆ. ಪಟ್ಟಿಯ ಒಂದು ಹೆಸರು ತಿದ್ದಬೇಕಾದರೂ ಸಂಸತ್ತೇ ತಿದ್ದಬೇಕು. ಪಟ್ಟಿಯನ್ನು ಇದ್ದ ಹಾಗೆ ಓದಬೇಕು, ಇದೂ ಅದೂ ಒಂದೇ ಎಂದು ಬೇರೆಯವರು ಸೇರಿಸುವಂತಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಮಿಲಿಂದ್ ಪ್ರಕರಣದಲ್ಲಿ ಹೇಳಿದೆ. ನಾಯಕರದ್ದೇ ಬೇರೆ ಹೆಸರುಗಳಾದ ಪರಿವಾರ, ತಳವಾರ ಪಟ್ಟಿಗೆ ಸೇರಲು 2020ರವರೆಗೆ ಕಾಯಬೇಕಾಯಿತು. ಸಮಾನಾರ್ಥಕ ಪದ ಎಂದರೆ ನಿಘಂಟಿನ ವಿಷಯ ಎಂದುಕೊಂಡಿದ್ದೆ. ಕೆಲವರಿಗೆ ಅದು ತಲೆಮಾರುಗಳ ಕಾಯುವಿಕೆ.

ಇಷ್ಟೆಲ್ಲ ಆದ ಮೇಲೆ ಸಮುದಾಯ ಎಂಬ ಪದಕ್ಕೆ ಹಳೆಯ, ಎಲ್ಲರೂ ಸೇರಿದ ಅರ್ಥವನ್ನು ಮತ್ತೆ ಕೊಟ್ಟದ್ದು ಒಂದು ಕಾನೂನು. 2006ರ ಅರಣ್ಯ ಹಕ್ಕು ಕಾಯ್ದೆ. ಇದರಲ್ಲಿ ವೈಯಕ್ತಿಕ ಹಕ್ಕಿನ ಜೊತೆ ಸಮುದಾಯದ ಹಕ್ಕು ಇದೆ. ಸೊಪ್ಪು, ಸೌದೆ, ಜೇನು, ಮೇವು, ಮೀನು, ಜೊತೆಗೆ ಕಾಡನ್ನು ಕಾಯುವ ಹಕ್ಕು. ತೀರ್ಮಾನ ಮೊದಲು ಆಗುವುದು ಗ್ರಾಮಸಭೆಯಲ್ಲಿ. ಗ್ರಾಮಸಭೆ ಎಂದರೆ ಆ ಹಳ್ಳಿಯ ವಯಸ್ಕರೆಲ್ಲರೂ, ಜಾತಿ ಕೇಳುವಂತಿಲ್ಲ. ಕನಿಷ್ಠ ಅರ್ಧದಷ್ಟು ಜನ ಹಾಜರಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಕಾಡಿನೊಳಗೇ ಈ ಸಮುದಾಯ ಹಕ್ಕನ್ನು ಪಡೆದು ದೇಶಕ್ಕೇ ಮೊದಲಿಗರಾದರು. ನಮ್ಮಲ್ಲಿ ತೊಡಕು ಹೆಚ್ಚು. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. ಅರ್ಜಿಯ 'ಬಿ' ನಮೂನೆಯ ಮೊದಲ ಪ್ರಶ್ನೆಯೇ ಅರ್ಜಿದಾರರದ್ದು ಬುಡಕಟ್ಟು ಸಮುದಾಯವೇ, ಇತರೆ ಪಾರಂಪರಿಕ ಅರಣ್ಯವಾಸಿ ಸಮುದಾಯವೇ ಎಂದು.

ಎರಡು ವರ್ಷದ ಹಿಂದೆ ಕಳಸದ ಕಡೆ ಅಂಥ ಒಂದು ಗ್ರಾಮಸಭೆಗೆ ಹೋಗಿದ್ದೆ. ಹಿಂದಿನ ಸಲ ಜನ ಸಾಲದೆ ಮುಂದೂಡಿದ್ದರು. ಈ ಸಲ ಹನ್ನೊಂದು ಗಂಟೆಯಾದರೂ ಶಾಲೆಯ ಜಗಲಿಯಲ್ಲಿ ಅರ್ಧದಷ್ಟು ಜನ ಆಗಲಿಲ್ಲ. ಮತದಾರರ ಪಟ್ಟಿ ತೆಗೆದು ನೋಡಿದರೆ ಹೆಚ್ಚಿನ ಹೆಸರುಗಳು ಪಕ್ಕದ ಎಸ್ಟೇಟಿನ ಲೈನಿನವರದ್ದು. ಯಾರೋ ಮಾಲೀಕರಿಗೆ ಫೋನ್ ಮಾಡಿದರು, ಪಿಕಪ್ ಕಳಿಸಿದರು. ಕೊಯ್ಲು ಬಿಟ್ಟು ಬಂದ ಹೆಂಗಸರು, ಸೊಂಟಕ್ಕೆ ಕಟ್ಟಿದ ಗೋಣಿ ಹಾಗೇ ಇತ್ತು, ಸಾಲಾಗಿ ಬಂದು ಪುಸ್ತಕದಲ್ಲಿ ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಸಭೆ ಕೂಡಿತು. ರಸ್ತೆಗೆ, ಕುಡಿಯುವ ನೀರಿಗೆ, ಅಂಗನವಾಡಿಗೆ ಕಾಡಿನ ಜಾಗ ಕೇಳಬಹುದಾದ 13 ಸೌಲಭ್ಯಗಳನ್ನು ಒಬ್ಬರು ಓದಿ ಹೇಳಿದರು. ಹದಿಮೂರನೆಯದು ಸಮುದಾಯ ಭವನ. ಭವನ ಎಂದಾಗ ಮುಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು, ಯಾರದ್ದು, ಎಲ್ಲಿ ಎಂದು.

ಹಿಂದೆ ಕೂತಿದ್ದ ಲೈನಿನ ಅಮ್ಮ ಒಬ್ಬರು ಎದ್ದು ನಿಂತರು. 'ಸುಡಗಾಡು ಅದ್ರಲ್ಲಿ ಉಂಟಾ ಸಾರ್?' ಎಂದು ಕೇಳಿದರು. ಅವರ ಗಂಡ ಹಿಂದಿನ ಮಳೆಗಾಲ ತೀರಿಕೊಂಡಿದ್ದರು. ಎಸ್ಟೇಟಿನ ಗಡಿಯಲ್ಲಿ ಹೂಳಲು ಹೋದಾಗ ಇದು ತೋಟದ ಜಾಗ ಎಂದು ಒಬ್ಬರು, ಇದು ಅರಣ್ಯ ಎಂದು ಇನ್ನೊಬ್ಬರು ತಡೆದು, ಮಳೆಯಲ್ಲಿ ಮೂರು ಗಂಟೆ ಹೆಣ ಇಟ್ಟುಕೊಂಡು ನಿಂತಿದ್ದರಂತೆ. ಓದುತ್ತಿದ್ದವರು ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಹದಿಮೂರರಲ್ಲಿ ಸ್ಮಶಾನ ಇರಲಿಲ್ಲ. 'ಇಲ್ಲ ಅಮ್ಮ. ಆದರೆ ಬೇರೆ ಕಲಂನಲ್ಲಿ ಕೇಳಬಹುದು, ರೂಢಿಯಲ್ಲಿ ಬಂದ ಹಕ್ಕು ಅಂತ' ಎಂದರು. 'ಇಷ್ಟು ವರ್ಷದಿಂದ ಅಲ್ಲೇ ಹೂಳ್ತಿದ್ದೀವಿ ಅಂತ ಯಾರಾದ್ರೂ ಊರವರು ಹೇಳ್ಬೇಕು.'

ಅಮ್ಮ ಜಗಲಿಯ ತುಂಬ ಕೂತವರನ್ನು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯ ಗೌಡರೊಬ್ಬರು, 'ನಾನು ಚಿಕ್ಕವನಿರುವಾಗಿಂದ ನೋಡಿದ್ದೀನಿ, ಬರ್ಕೊಳ್ಳಿ' ಎಂದರು. ಕಾರ್ಯದರ್ಶಿ ಬರೆದುಕೊಂಡರು. ಪಿಕಪ್‌ನವನು ಹಾರ್ನ್ ಹೊಡೆದ, ಮಧ್ಯಾಹ್ನದ ತೂಕದ ಹೊತ್ತಾಗಿತ್ತು.